ಬಿಡುವ ವಿದ್ಯೆ

ಬೇಸ್‌ಬಾಲಿನಲ್ಲಿ ಹೊಡೆದವನ ಹೆಸರು ಉಳಿಯುತ್ತದೆ.
ಬೇಲಿಯಾಚೆಗೆ ಚೆಂಡು ಅಟ್ಟಿದ ಗೋರ್ಡನ್ ಟ್ರೌಟ್‌ಮನ್‌ಗೆ
ನಮ್ಮೂರ ಕ್ಷೌರದಂಗಡಿಯಲ್ಲಿ ಫೋಟೊ ಇದೆ,
ಅದರ ಮೇಲೊಂದು ಬಲ್ಬೂ ಇದೆ.
ಇಮ್ರಿಖ್ ಹುದಾಕ್‌ಗೆ ಮೊಳೆಯೂ ಇಲ್ಲ.

ಅವನು ಹೊಡೆದದ್ದು ಕಮ್ಮಿ. ಬಿಟ್ಟದ್ದು ಹೆಚ್ಚು.

ಪೆನ್ಸಿಲ್ವೇನಿಯಾ. ಸತು ಕರಗಿಸುವ ಕಾರ್ಖಾನೆ.
ಸಾವಿರದ ಒಂಬೈನೂರ ಇಪ್ಪತ್ತೇಳು.
ಹೊಗೆಗೆ ಗುಡ್ಡದ ಮೇಲೆ ಹುಲ್ಲೂ ಹುಟ್ಟುತ್ತಿರಲಿಲ್ಲ,
ಆಟದ ಬಯಲಿಗೆ ಮಾತ್ರ ಕಂಪನಿ ನೀರು ಹಾಯಿಸುತ್ತಿತ್ತು.
ಹುದಾಕ್ ಕುಲುಮೆಯ ಕಿಂಡಿಗೆ ನೀಲಿ ಗಾಜು ಹಿಡಿದು
ಉರಿಯ ಬಣ್ಣದಲ್ಲೇ ಹದ ಹೇಳುವವನು:
ಇನ್ನೆರಡು ನಿಮಿಷ. ಈಗ. ಸಾಕು.
ಅದೇ ಕಣ್ಣನ್ನು ಶನಿವಾರ ಮಧ್ಯಾಹ್ನ
ತೊಳೆದುಕೊಂಡು ತರುತ್ತಿದ್ದ.

ಬ್ಯಾಟು ಹೆಗಲ ಮೇಲೆ. ಚೆಂಡು ಬರುತ್ತದೆ,
ಆಸೆ ತೋರಿಸುತ್ತದೆ, ಕೊನೆಯ ಗೇಣಿನಲ್ಲಿ ಹೊರಳುತ್ತದೆ.
ಬೇರೆಯವರು ಬೀಸಿ ಗಾಳಿಯನ್ನು ಗುದ್ದುತ್ತಾರೆ.
ಇವನು ಬಿಡುತ್ತಾನೆ.
ಇನ್ನೊಂದು. ಬಿಡುತ್ತಾನೆ.
'ಏನಯ್ಯಾ, ಬೀಸಿದರೆ ಬ್ಯಾಟಿಗೆ ಬಾಡಿಗೆ ಕೊಡಬೇಕೇನು?'
ನಾಲ್ಕು ಕೆಟ್ಟ ಚೆಂಡು ಬಿಟ್ಟವನಿಗೆ
ಮೊದಲ ಬೇಸು ಪುಕ್ಕಟೆ, ಅದು ನಿಯಮ.
ಬ್ಯಾಟನ್ನು ನಿದ್ದೆಹೋದ ಕೂಸಿನಂತೆ ನೆಲಕ್ಕಿಟ್ಟು
ತೊಂಬತ್ತು ಅಡಿ ನಡೆದು ಹೋಗುತ್ತಿದ್ದ,
ಪಾಳಿ ಮುಗಿಸಿ ಮನೆಗೆ ಹೊರಟವನ ಹಾಗೆ.

ನಾನು ಡಿಲಿಸ್ ಪ್ರೋಬರ್ಟ್, ಟೆಲಿಫೋನ್ ಎಕ್ಸ್‌ಚೇಂಜಿನವಳು.
ಸ್ಕೋರು ಬರೆಯುತ್ತಿದ್ದೆ.
ಹುಡುಗಿಗೆ ಈ ಲೆಕ್ಕ ಹತ್ತುತ್ತದೆಯೇ ಅಂದವರು
ಊರಲ್ಲಿ ಅರ್ಧ. ಉಳಿದರ್ಧ, ಅನ್ನದೆ ನಕ್ಕವರು.
ಹಾಗಾಗಿ ನನ್ನ ಪೆನ್ಸಿಲು ಸದಾ ಚೂಪು,
ನಾಲಗೆಯೂ.

ಜುಲೈ, ಎರಡನೆಯ ಶನಿವಾರ, ಆರನೇ ಇನಿಂಗ್ಸ್.
ಗೆಥಿನ್ ಬಕೆಟ್ಟಿನ ನೀರು ತಲೆಗೆ ಸುರಿದುಕೊಂಡ.
ಎಷ್ಟು ಹೊತ್ತು ನೋಡಿದೆನೋ,
ಕತ್ತಿನಿಂದಿಳಿದ ನೀರು ಅಂಗಿಯೊಳಗೆ ದಾರಿ ಹುಡುಕುವಷ್ಟು.
ತಿರುಗಿದರೆ ಹುದಾಕ್ ಮೊದಲ ಬೇಸಿನಲ್ಲಿ ನಿಂತಿದ್ದಾನೆ,
ಶಾರ್ಟ್‌ಸ್ಟಾಪ್ ಸ್ಟೋಲ್ಟ್ಸ್ ಗ್ಲೌಸಿನ ಧೂಳು ಕೊಡವುತ್ತಿದ್ದಾನೆ.
ಇವನೇ ಚೆಂಡು ಕೈಬಿಟ್ಟನೆಂದು ಬಗೆದು
ಬರೆದೆ: ಸ್ಟೋಲ್ಟ್ಸನ ತಪ್ಪು.

'ಚೆಂಡು ನನ್ನ ಕಡೆ ಬರಲೇ ಇಲ್ಲ ಕಣಮ್ಮಾ!'
ಸ್ಟೋಲ್ಟ್ಸ್ ನಾಲ್ಕು ವಾರ ಬೊಬ್ಬೆಯಿಟ್ಟ.
ಶಾರ್ಟ್‌ಸ್ಟಾಪುಗಳೆಲ್ಲ ಹೇಳುವುದು ಅದನ್ನೇ.
ಅಂಪೈರ್ ಪರವೂರಿನವನು, ರೈಲು ಹಿಡಿದಾಗಿತ್ತು.
ಇನ್ನು ಜನ. ಜನಕ್ಕೆ ಹೊಡೆತ ನೆನಪಿರುತ್ತದೆ,
ನಡಿಗೆ ಅಲ್ಲ.

ಹುದಾಕ್ ಒಮ್ಮೆ ಮಾತ್ರ ಬಂದ, ಎಕ್ಸ್‌ಚೇಂಜಿನ ಕಿಟಕಿಗೆ.
ಪುಸ್ತಕ ಕೇಳಿದ. ಉಗುರು ಸುಟ್ಟುಹೋದ ಬೆರಳು
ಸಾಲು ಹಿಡಿದು ಹೋಗಿ ಆ ಮನೆಯ ಮೇಲೆ ನಿಂತಿತು.
ಆಮೇಲೆ ನನ್ನ ಮುಖ ನೋಡಿದ,
ಕುಲುಮೆಯನ್ನು ನೋಡುವ ಹಾಗೆ.
ಬಣ್ಣದಲ್ಲೇ ತಿಳಿದಿರಬೇಕು.
'ಇರಲಿ' ಅಂದ.
ಪುಸ್ತಕ ಮುಚ್ಚಿಕೊಟ್ಟು ನಡೆದುಹೋದ.

ಎಷ್ಟೋ ವರ್ಷದ ಮೇಲೆ ಕೂತು ಎಣಿಸಿದೆ.
ಸತತವಾಗಿ ಬೇಸು ಮುಟ್ಟಿದ ಆಟ, ಲೀಗಿನ ದಾಖಲೆ: ಮೂವತ್ತಾರು.
ಟ್ರೌಟ್‌ಮನ್‌ನದೇ.
ಹುದಾಕ್, ಮೂರು ಬೇಸಿಗೆ ಸೇರಿ:
ಇಪ್ಪತ್ತೆರಡು. ಆಮೇಲೆ ಹದಿನೆಂಟು.
ನಡುವೆ ನನ್ನ ಪೆನ್ಸಿಲು.
(ತಪ್ಪಿನಿಂದ ಸಿಕ್ಕ ಬೇಸು ಲೆಕ್ಕಕ್ಕಿಲ್ಲ. ಅದೂ ನಿಯಮ.)

ಅವನನ್ನು ಮಣ್ಣು ಮಾಡಿದ ವಾರ ಮಗಳು ಮಾರ್ಗಿತಾ
ಅವನ ಊಟದ ಡಬ್ಬಿ ತಂದಳು. ಮುಚ್ಚಳದ ಒಳಗಡೆ
ಚಾಕುವಿನ ಗೀರು, ನಲವತ್ತೊಂದು,
ಎಲ್ಲೂ ಎಡೆಯಿಲ್ಲ.
'ಅಪ್ಪ ಏನನ್ನು ಎಣಿಸುತ್ತಿದ್ದರು, ನಿಮಗೆ ಗೊತ್ತಾ?'
ಆ ದಿನ ಹೇಳಲಿಲ್ಲ. ಮರುದಿನ ಹೇಳಿದೆ.

ಲೀಗಿಗೆ ಬರೆಯೋಣವೆಂದರೆ ಲೀಗೇ ಇಲ್ಲ.
ರಬ್ಬರು ಹಿಡಿದರೆ ಕಾಗದ ಹರಿಯುತ್ತದೆ.
ಕ್ಷೌರದಂಗಡಿಗೆ ಹೋಗಿ, ಒಂದು ಮೊಳೆ ಹೊಡಿ ಅಂದೆ.
ಫೋಟೊ ಎಲ್ಲಿ ಅಂದ.
ಹುದಾಕನ ಫೋಟೊ ಯಾರೂ ತೆಗೆದಿರಲಿಲ್ಲ.

ಈಗ ಅಲ್ಲಿ ತಗಡಿನ ಮುಚ್ಚಳ ತೂಗುತ್ತದೆ.
ಜೈಲಿನಲ್ಲಿ ಯಾರೋ ದಿನ ಎಣಿಸಿದ್ದೇ? ಕೇಳುತ್ತಾರೆ
ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಗಳು.
ಅದರ ಕೆಳಗೆ ಚೀಟಿಯಲ್ಲಿ ನನ್ನ ಕೈಬರಹ,
ಇನ್ನಷ್ಟು ಗೊಂದಲಕ್ಕೆ:
ಸ್ಟೋಲ್ಟ್ಸನ ತಪ್ಪಲ್ಲ.